ಬಸುರಿಯರ ಆ್ಯಪ್‌ನಲ್ಲಿ ಮೊದಲು ತಾರೀಕು ಸರಿಮಾಡಿಕೊಳ್ಳಿ

ಫೋನಿನಲ್ಲಿ ಪ್ರೆಗ್ನೆನ್ಸಿ ಆ್ಯಪ್ ಹಾಕಿಕೊಂಡಿರುವ ಅಕ್ಕ-ತಂಗಿಯರೇ, ಮೊದಲು ಅದು ತೋರಿಸುವ ಹೆರಿಗೆ ತಾರೀಕು ನೋಡಿ. ಕೊನೆಯ ಮುಟ್ಟಿನ ದಿನ ಕೊಟ್ಟರೆ ಆ್ಯಪ್ ಅದಕ್ಕೆ 280 ದಿನ ಸೇರಿಸುತ್ತದೆ. ಇದು 28 ದಿನಕ್ಕೊಮ್ಮೆ ಮುಟ್ಟಾಗುವವರ ಲೆಕ್ಕ. ನಿಮಗೆ 35 ದಿನಕ್ಕೊಮ್ಮೆ ಆಗುತ್ತಿದ್ದರೆ ಸುಮಾರು ಒಂದು ವಾರ ವ್ಯತ್ಯಾಸ ಬರುತ್ತದೆ. ಆಮೇಲೆ ‘ದಿನ ತುಂಬಿತು, ಇನ್ನೂ ನೋವು ಬಂದಿಲ್ಲ’ ಅಂತ ಮನೆಯವರೆಲ್ಲ ಸುಮ್ನೆ ಗಾಬರಿಯಾಗುತ್ತಾರೆ, ಅಲ್ವಾ? ಮೊದಲ ಮೂರು ತಿಂಗಳ ಸ್ಕ್ಯಾನ್ ನೋಡಿ ಡಾಕ್ಟರ್ ಹೇಳಿದ ತಾರೀಕನ್ನೇ ಸೆಟ್ಟಿಂಗ್ಸ್‌ನಲ್ಲಿ ಹಾಕಿ.

ಆ್ಯಪ್ ಜಾಸ್ತಿ ಉಪಯೋಗಕ್ಕೆ ಬರುವುದು ನೆನಪಿಸುವುದಕ್ಕೆ. ಕಬ್ಬಿಣದ ಮಾತ್ರೆಗೆ ಒಂದು ಹೊತ್ತು ಅಲಾರಂ ಇಡಿ, ಕ್ಯಾಲ್ಸಿಯಂ ಮಾತ್ರೆಗೆ ಬೇರೆ ಹೊತ್ತು. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣದಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ಅದರ ಜೊತೆ ಕಾಫಿ, ಟೀ ಕೂಡ ಬೇಡ. ತಾಯಿ ಕಾರ್ಡಿನ ಪುಟಗಳ ಫೋಟೋ ಫೋನಲ್ಲಿರಲಿ, ಆದರೆ ಕಾರ್ಡ್ ಮಾತ್ರ ಬ್ಯಾಗಿನಲ್ಲೇ ಇರಬೇಕು.

ರಕ್ತ ಹೋದರೆ, ಕಣ್ಣು ಮಂಜಾಗಿ ತಲೆ ಸಿಡಿದರೆ, ಮಗು ಮಿಸುಕಾಡುವುದು ಕಡಿಮೆಯಾದರೆ ದಯವಿಟ್ಟು ಆ್ಯಪ್‌ನಲ್ಲಿ ಕಾರಣ ಹುಡುಕುತ್ತಾ ಕೂರಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ, ಆಶಾ ಅಕ್ಕನಿಗೂ ತಿಳಿಸಿ.