ಬೀಟಾ ಹಾಕಿಕೊಳ್ಳುವ ಮುನ್ನ ಹಿಂದಿರುಗುವ ದಾರಿ ನೋಡಿಕೊಳ್ಳಿ

ಹೊಸ ಸೌಲಭ್ಯದ ಆಸೆಗೆ ಇರುವ ಒಂದೇ ಫೋನಿಗೆ ಬೀಟಾ, ಅಂದರೆ ಬಿಡುಗಡೆಗೆ ಮುಂಚಿನ ಪ್ರಯೋಗದ ಆವೃತ್ತಿ, ಹಾಕಿಕೊಂಡು, ವಾರ ಕಳೆಯುವಷ್ಟರಲ್ಲಿ ಫೋಟೊ, ಸಂದೇಶಗಳನ್ನೆಲ್ಲ ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ. ಅವರು ಎಡವಿದ್ದು ಬೀಟಾ ಹಾಕುವಾಗಲ್ಲ, ತೆಗೆಯುವಾಗ.

1. ಆವೃತ್ತಿಯ ಹೆಸರು ಓದಿ. ಆಲ್ಫಾ ಎಂದರೆ ಗೋಡೆ ಇನ್ನೂ ಏಳುತ್ತಿರುವ ಮನೆ. ಬೀಟಾದಲ್ಲಿ ಸೌಲಭ್ಯಗಳು ಬಹುತೇಕ ಸೇರಿರುತ್ತವೆ, ದೋಷ ಹುಡುಕುವ ಕೆಲಸ ಬಾಕಿ ಇರುತ್ತದೆ. ಆರ್‌ಸಿ (ರಿಲೀಸ್ ಕ್ಯಾಂಡಿಡೇಟ್) ಎಂದರೆ, ದೊಡ್ಡ ದೋಷ ಕಾಣಿಸದಿದ್ದರೆ ಇದನ್ನೇ ಬಿಡುಗಡೆ ಮಾಡುತ್ತೇವೆ ಎಂಬ ಮಾತು. ದಿನದಿನವೂ ಹೊಸದಾಗಿ ಸಿದ್ಧವಾಗುವ ನೈಟ್ಲಿ, ಕ್ಯಾನರಿ ಆವೃತ್ತಿಗಳು ಇವೆಲ್ಲಕ್ಕಿಂತ ಹಸಿ. ಕ್ಯಾನರಿ ಎಂಬುದು ವಿಷಾನಿಲ ಪತ್ತೆಗೆಂದು ಗಣಿ ಕಾರ್ಮಿಕರು ಒಯ್ಯುತ್ತಿದ್ದ ಹಕ್ಕಿಯ ಹೆಸರು. ಆ ಹಕ್ಕಿಯ ಜಾಗದಲ್ಲಿ ಈಗ ನಿಮ್ಮ ಕಂಪ್ಯೂಟರ್ ಇರುತ್ತದೆ. ಆದರೆ ಹೆಸರೊಂದನ್ನೇ ನೆಚ್ಚಬೇಡಿ. ಜಿಮೇಲ್ 2004ರಿಂದ 2009ರವರೆಗೆ ಬೀಟಾ ಎಂಬ ಪಟ್ಟಿ ಹೊತ್ತೇ ನಡೆಯಿತು.

2. ‘ಸ್ಟೇಬಲ್’ ಎಂದರೆ ದೋಷವೇ ಇಲ್ಲ ಎಂದಲ್ಲ. ಡೆಬಿಯನ್ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಸಿಡ್ (ಅಸ್ಥಿರ), ಟೆಸ್ಟಿಂಗ್ (ಪರೀಕ್ಷೆಯಲ್ಲಿರುವುದು), ಸ್ಟೇಬಲ್ (ಸ್ಥಿರ) ಎಂಬ ಸಾಲಿದೆ. ಕೊನೆಯದಕ್ಕೆ ಬಿಡುಗಡೆಯ ನಂತರ ಭದ್ರತೆಯ ಮತ್ತು ಗಂಭೀರ ದೋಷಗಳ ತಿದ್ದುಪಡಿ ಬಿಟ್ಟರೆ ಹೊಸದೇನೂ ಸೇರದು. ನಿನ್ನೆ ಇದ್ದಂತೆಯೇ ಇಂದೂ ಇರುವುದು, ಅದೇ ಅದರ ಗುಣ. ದುಡಿಮೆಯ ಯಂತ್ರಕ್ಕೆ ಇದೇ ಇರಲಿ.

3. ಹಿಂದಿರುಗುವ ದಾರಿ ಹಾಕಿಕೊಳ್ಳಿ. ಇಲ್ಲಿ ಅವಸರ ಬೇಡ. ಹೊಸ ಆವೃತ್ತಿ ಮೊದಲ ಬಾರಿ ತೆರೆದಾಗಲೇ ನಿಮ್ಮ ಹಳೆಯ ದತ್ತಾಂಶವನ್ನು ತನ್ನ ಹೊಸ ವಿನ್ಯಾಸಕ್ಕೆ ಬದಲಿಸಿ ಬರೆದುಬಿಡಬಹುದು. ಅದನ್ನು ಓದಲು ಹಳೆಯ ಆವೃತ್ತಿಗೆ ಬಾರದು. ಅದಕ್ಕಾಗಿಯೇ ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು (ನಿಮ್ಮ ಬುಕ್‌ಮಾರ್ಕ್, ಗುಪ್ತಪದ, ಸೆಟ್ಟಿಂಗ್‌ಗಳಿರುವ ಕಡತಕೋಶ) ಹಳೆಯ ಫೈರ್‌ಫಾಕ್ಸ್ ಬ್ರೌಸರ್ ತೆರೆಯುವುದಿಲ್ಲ. ಬೇರೆ ಪ್ರೊಫೈಲ್ ಮಾಡಿಕೊಳ್ಳಿ ಎನ್ನುತ್ತದೆ. ಈ ತಡೆಯನ್ನು ದಾಟಲು ‘ಅಲೋ ಡೌನ್‌ಗ್ರೇಡ್’ ಎಂಬ ಆದೇಶವಿದೆ. ಅಡ್ಡದಾರಿ ಹೇಳಿಕೊಡುವವರು ಇದನ್ನೇ ತೋರಿಸುತ್ತಾರೆ. ಮುಟ್ಟಬೇಡಿ, ಇದ್ದ ದತ್ತಾಂಶವೂ ಕೆಡಬಹುದು.

ಫೋನಿನಲ್ಲಿ ಇದು ಇನ್ನೂ ಕಠಿಣ. ಪಿಕ್ಸೆಲ್ ಫೋನಿನಲ್ಲಿ ಆಂಡ್ರಾಯ್ಡ್ ಬೀಟಾದ ನಡುವೆ ಹಿಂದಿನ ಆವೃತ್ತಿಗೆ ಇಳಿದರೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಐಫೋನಿನಲ್ಲಿ ಬೀಟಾ ಹಾಕಿದ ಮೇಲೆ ತೆಗೆದ ಬ್ಯಾಕಪ್ ಹಳೆಯ ಐಒಎಸ್‌ಗೆ ಕೂಡುವುದಿಲ್ಲ. ಆದ್ದರಿಂದ ಬ್ಯಾಕಪ್ ಬೀಟಾಕ್ಕೆ ಮುಂಚೆಯೇ ಆಗಬೇಕು. ಅದನ್ನು ಕಂಪ್ಯೂಟರಿನಲ್ಲಿ ಪ್ರತ್ಯೇಕವಾಗಿ ಎತ್ತಿಡಬೇಕು, ಇಲ್ಲವಾದರೆ ತಾನಾಗಿ ನಡೆಯುವ ಮುಂದಿನ ಬ್ಯಾಕಪ್ ಅದರ ಜಾಗ ಹಿಡಿಯಬಹುದು. ಫೋಟೊಗಳನ್ನು ಬೇರೆಯಾಗಿಯೂ ನಕಲಿಸಿ, ನಾಲ್ಕಾರನ್ನು ತೆರೆದು ನೋಡಿ. ‘ಬ್ಯಾಕಪ್ ಆಗಿದೆ’ ಎಂಬ ಸೂಚನೆ ಕಂಡು ಸುಮ್ಮನಾದವರೇ ಆಮೇಲೆ ಪರಿತಪಿಸಿದ್ದಾರೆ.

ಈಗಾಗಲೇ ಬೀಟಾದಲ್ಲಿ ಸಿಕ್ಕಿಕೊಂಡಿದ್ದರೆ ಕಾಯುವುದೇ ಲೇಸು. ಅಂತಿಮ ಆವೃತ್ತಿ ಬಂದಾಗ ಅದನ್ನು ಹಾಕಿಕೊಂಡು, ಮುಂದಿನ ಬೀಟಾ ಬರುವ ಮೊದಲೇ ಬೀಟಾ ಯೋಜನೆಯಿಂದ ಹೊರಬಂದರೆ ಏನೂ ಅಳಿಸುವುದಿಲ್ಲ.

4. ಬೇರೆ ಜಾಗದಲ್ಲಿ ಪ್ರಯೋಗಿಸಿ. ಕ್ರೋಮ್ ಬೀಟಾ, ಫೈರ್‌ಫಾಕ್ಸ್ ನೈಟ್ಲಿ ಎರಡೂ ಮೂಲ ಬ್ರೌಸರಿನ ಪಕ್ಕದಲ್ಲೇ ಪ್ರತ್ಯೇಕವಾಗಿ ಕೂರುತ್ತವೆ. ಆದರೆ ಅವುಗಳಲ್ಲಿ ನಿಮ್ಮ ಮುಖ್ಯ ಖಾತೆಯ ಸಿಂಕ್ (ಎಲ್ಲ ಕಡೆ ದತ್ತಾಂಶ ಒಂದೇ ಆಗಿರುವಂತೆ ಮಾಡುವ ಸೌಲಭ್ಯ) ಬೇಡ: ಅಲ್ಲಿ ಬುಕ್‌ಮಾರ್ಕ್ ಅಳಿದರೆ ಇಲ್ಲಿಯೂ ಅಳಿಯುತ್ತದೆ. ತಯಾರಕರ ತಾಣವನ್ನು ಬಿಟ್ಟು ಬೇರೆಡೆ ಸಿಗುವ ‘ಇತ್ತೀಚಿನ ಬೀಟಾ’ ಕಡತಗಳನ್ನು ಇಳಿಸಿಕೊಳ್ಳಲೇಬೇಡಿ.

5. ದೋಷ ಕಂಡರೆ ಪೂರ್ತಿ ಆವೃತ್ತಿ ಸಂಖ್ಯೆ ಸಹಿತ ವರದಿ ಮಾಡಿ.