ಟ್ಯಾಗ್ ಅಪ್: ಕ್ಯಾಚ್ ಆದ ಮೇಲೂ ಓಡೋದು ಹೇಗೆ?

ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿದರೆ ಕಥೆ ಅಲ್ಲಿಗೇ ಮುಗಿಯಿತು. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಬ್ಯಾಟರ್ ಔಟ್, ಆದರೆ ಚೆಂಡು ಡೆಡ್ ಆಗೋದಿಲ್ಲ, ಬೇಸ್ (ರನ್ ಗಳಿಸಲು ಓಟಗಾರ ಒಂದೊಂದಾಗಿ ಮುಟ್ಟಿ ಸಾಗುವ ಠಾಣೆ) ಮೇಲಿರುವ ರನ್ನರ್ ಬೇಕಿದ್ದರೆ ಮುಂದಕ್ಕೆ ಓಡಬಹುದು. ಒಂದೇ ಷರತ್ತು: ಕ್ಯಾಚ್ ಆದ ಮೇಲೆ ತನ್ನ ಬೇಸ್ ಮುಟ್ಟಿಕೊಂಡೇ ಹೊರಡಬೇಕು. ಇದೇ ಟ್ಯಾಗ್ ಅಪ್. ಫೌಲ್ ಗೆರೆಯಾಚೆ, ಅಂದರೆ ಅಂಗಳದ ಬದಿಯ ಗೆರೆ ದಾಟಿ ಹಿಡಿದ ಕ್ಯಾಚ್‌ಗೂ ಇದೇ ನಿಯಮ.

ನೀವೇ ರನ್ನರ್ ಅಂದುಕೊಳ್ಳಿ. ಮೊದಲು ಎಷ್ಟು ಔಟ್ ಆಗಿದೆ ನೋಡಿ. ಎರಡಾಗಿದ್ದರೆ ಏನೂ ಯೋಚಿಸಬೇಡಿ, ಚೆಂಡು ಬ್ಯಾಟಿಗೆ ತಾಗಿದ ಕೂಡಲೇ ಓಡಿ, ಕ್ಯಾಚ್ ಹಿಡಿದರೆ ನಿಮ್ಮ ತಂಡದ ಸರದಿ ಹೇಗೂ ಮುಗಿಯುತ್ತೆ. ಕಡಿಮೆ ಇದ್ದರೆ ನೀವು ಯಾವ ಬೇಸ್‌ನಲ್ಲಿದ್ದೀರಿ ಅನ್ನೋದು ಮುಖ್ಯ. ಮೂರನೇ ಬೇಸ್‌ನಲ್ಲಿದ್ದು ಚೆಂಡು ಔಟ್‌ಫೀಲ್ಡ್ ಕಡೆ ಎತ್ತರಕ್ಕೆ ಹೋಯಿತಾ, ಸೀದಾ ವಾಪಸ್ ಬಂದು ಬೇಸ್ ಮೇಲೆ ಕಾಲಿಡಿ. ಕ್ಯಾಚ್ ಬಿಟ್ಟರೂ ನೀವು ಆರಾಮಾಗಿ ಹೋಮ್ (ಮುಟ್ಟಿದರೆ ರನ್ ಸಿಗುವ ಕೊನೆಯ ಬೇಸ್) ಸೇರುತ್ತೀರಿ, ಹಾಗಾಗಿ ಕಾಯೋದರಲ್ಲಿ ನಷ್ಟವೇ ಇಲ್ಲ. ಮೊದಲ ಬೇಸ್‌ನಲ್ಲಿ ಸಾಮಾನ್ಯವಾಗಿ ಅರ್ಧ ದಾರಿಗೆ ಹೋಗಿ ನಿಂತು ನೋಡೋದೇ ವಾಸಿ: ಕ್ಯಾಚ್ ಹಿಡಿದರೆ ವಾಪಸ್, ಬಿಟ್ಟರೆ ಮುಂದಕ್ಕೆ.

ಹೊರಡೋದು ಯಾವಾಗ? ಚೆಂಡು ಫೀಲ್ಡರ್‌ಗೆ ಮೊದಲು ತಾಗಿದ ಕ್ಷಣ. ಅವನು ಭದ್ರವಾಗಿ ಹಿಡಿಯೋವರೆಗೆ ಕಾಯಬೇಕಿಲ್ಲ. ಹಾಗಿದ್ದಿದ್ದರೆ ಜಾಣ ಫೀಲ್ಡರ್ ಸುಮ್ನೆ ಚೆಂಡನ್ನು ಕೈಯಲ್ಲಿ ಕುಣಿಸುತ್ತಾ ಒಳಗೆ ಓಡಿ ಬರುತ್ತಿದ್ದ, ಅಲ್ವಾ?

ಓಡೋದಾ ಬೇಡವಾ ಅನ್ನೋದಕ್ಕೆ ನಾನು ನೋಡೋದು ಫೀಲ್ಡರ್ ಕಾಲನ್ನು. ಹಿಂದಕ್ಕೆ ಓಡುತ್ತಾ ಹಿಡಿದರೆ ಹೊರಡಿ, ಅವನು ತಿರುಗಿ ಎಸೆಯಲು ಟೈಮ್ ಬೇಕು. ಮುಂದಕ್ಕೆ ಓಡಿಬರುತ್ತಾ ಹಿಡಿದರೆ ಥ್ರೋ ಜೋರಾಗಿರುತ್ತೆ, ಅಲ್ಲೇ ಇರಿ. ಉತ್ತರ ಅಮೆರಿಕದ ಅಗ್ರ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಬೇಸ್‌ನಿಂದ ಬೇಸ್‌ಗೆ 90 ಅಡಿ, ಅದು ಚಿಕ್ಕ ಓಟವೇನಲ್ಲ.

ಚೆಂಡು ಫೀಲ್ಡರ್‌ಗೆ ತಾಗುವ ಮೊದಲೇ ಬೇಸ್ ಬಿಟ್ಟರೆ ಅಂಪೈರ್ ತಾನಾಗಿ ಔಟ್ ಕೊಡೋದಿಲ್ಲ. ಎದುರಾಳಿಗಳು ಚೆಂಡನ್ನು ಆ ಬೇಸ್‌ಗೆ ಎಸೆದು ಅಪೀಲ್ ಮಾಡಬೇಕು. ಅವರು ಗಮನಿಸದಿದ್ದರೆ ನಿಮ್ಮ ಅದೃಷ್ಟ.

ಮೂರನೇ ಬೇಸ್‌ನಿಂದ ಹೀಗೆ ರನ್ ಬಂದರೆ ಬ್ಯಾಟರ್‌ಗೆ ಸ್ಯಾಕ್ರಿಫೈಸ್ ಫ್ಲೈ ಅಂತ ಬರೆಯುತ್ತಾರೆ, ಔಟಾದರೂ ಅವನ ಸರಾಸರಿ ಇಳಿಯೋದಿಲ್ಲ. ಇದನ್ನು ಸಣ್ಣದು ಅಂದುಕೊಳ್ಳಬೇಡಿ. 2014ರ ವರ್ಲ್ಡ್ ಸೀರೀಸ್‌ನ (ಮೇಜರ್ ಲೀಗ್‌ನ ಫೈನಲ್ ಸರಣಿ) ಏಳನೇ ಪಂದ್ಯವನ್ನು ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ 3-2ರಿಂದ ಗೆದ್ದಿತು. ಆ ಮೂರರಲ್ಲಿ ಮೊದಲ ಎರಡು ರನ್ ಬಂದಿದ್ದು ಒಂದೇ ಇನಿಂಗ್ಸ್‌ನಲ್ಲಿ, ಎರಡೂ ಸ್ಯಾಕ್ರಿಫೈಸ್ ಫ್ಲೈಗಳೇ.