ಅಣ್ಣನ ಬಾಕಿ

ಯೇಸು ಕಲಿಸಿದ ಕರ್ತನ ಪ್ರಾರ್ಥನೆಯ ಒಂದು ಸಾಲು ಬಂದಾಗ ಸುಮಾರು ಎರಡು ವರ್ಷ ನಾನು ಬಾಯಿ ಮುಚ್ಚಿಕೊಂಡೇ ನಿಂತಿದ್ದೆ. ಬೆಂಗಳೂರಿನ ಕಾರ್ಪೊರೇಷನ್ ಹತ್ತಿರದ ಹಡ್ಸನ್ ಸ್ಮಾರಕ ದೇವಾಲಯದಲ್ಲಿ (ಚರ್ಚಿನಲ್ಲಿ), 1904ರ ಆ ಕಲ್ಲಿನ ಕಟ್ಟಡದೊಳಗೆ, ಸಭೆಯೆಲ್ಲ ಕನ್ನಡದಲ್ಲಿ ಒಟ್ಟಾಗಿ ಪ್ರಾರ್ಥಿಸುವಾಗ ಒಬ್ಬಳ ದನಿ ನಿಂತರೆ ಯಾರಿಗೆ ಗೊತ್ತಾಗುತ್ತದೆ? ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ಎನ್ನುವ ಸಾಲು ಅದು. ಹೇಳಿದ್ದರೆ ದೇವರ ಮುಂದೆ ಸುಳ್ಳಾಡಿದಂತಾಗುತ್ತಿತ್ತು.

ಲಿಂಗರಾಜಪುರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಮಗಳ ನರ್ಸಿಂಗ್ ಓದಿಗೆಂದು ಚೀಟಿ ಎತ್ತಿ ಇಟ್ಟಿದ್ದ 60,000 ರೂಪಾಯಿಯನ್ನು ಅಣ್ಣ ಮೂರು ತಿಂಗಳಲ್ಲಿ ಕೊಡುತ್ತೇನೆಂದು ಇಸಕೊಂಡ. ವರ್ಷ ಕಳೆದ ಮೇಲೆ ಕೇಳಿದರೆ, ಅಮ್ಮನ ಎದುರಿಗೇ "ಯಾವ ದುಡ್ಡೇ?" ಅಂದುಬಿಟ್ಟ. ದುಡ್ಡು ಹೋದದ್ದಕ್ಕಿಂತ ಆ ಮಾತು ಹೆಚ್ಚು ಸುಟ್ಟಿತು.

ಮೊದಮೊದಲು ನಾನು ಮಾಡಿದ್ದು ತಪ್ಪು ದಾರಿ. ಹೋಗಲಿ, ಎಷ್ಟು ಮಹಾ ದುಡ್ಡು, ಒಡಹುಟ್ಟಿದವನಲ್ಲವೇ ಎಂದು ನನ್ನನ್ನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ರಾತ್ರಿ ನಿದ್ದೆ ಮಾತ್ರ ಬರುತ್ತಿರಲಿಲ್ಲ.

ಬೈಬಲಿನ ಮತ್ತಾಯ 18ರಲ್ಲಿ ಯೇಸು ಹೇಳಿದ ಒಂದು ಸಾಮ್ಯ, ಅಂದರೆ ನೀತಿಕಥೆ, ಇದೆಯಲ್ಲ, ರಾಜನಿಂದ ಸಾಲ ಮನ್ನಾ ಆದರೂ ಜೊತೆಯ ಆಳಿನ ಸಾಲ ಬಿಡದ ಆಳಿನದು, ಅದನ್ನು ಒಂದು ದಿನ ಲೆಕ್ಕ ಹಾಕಿಕೊಂಡು ಓದಿದೆ. ಅವನ ಜೊತೆಯ ಆಳು ಕೊಡಬೇಕಿದ್ದದ್ದು ನೂರು ದಿನಾರಿ. ದ್ರಾಕ್ಷೇತೋಟದ ಸಾಮ್ಯದಲ್ಲಿ ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಆಗ ನನ್ನ ಕೈಗೆ ದಿನಕ್ಕೆ ಉಳಿಯುತ್ತಿದ್ದದ್ದು 600 ರೂಪಾಯಿ. ನೂರು ದಿನಕ್ಕೆ ಸರಿಯಾಗಿ 60,000! ಬೈಬಲ್ ಮುಚ್ಚಿ ಅತ್ತೆ. ಯೇಸು ಆ ಸಾಲವನ್ನು ಚಿಲ್ಲರೆ ಕಾಸು ಮಾಡಿರಲಿಲ್ಲ. ಮೂರು ತಿಂಗಳಿಗೂ ಮಿಕ್ಕ ದುಡಿಮೆ ಅದು, ನಿಜವಾದ ನಷ್ಟ. ಆದರೆ ಆ ಮೊದಲ ಆಳಿಗೆ ರಾಜ ಬಿಟ್ಟುಕೊಟ್ಟಿದ್ದು ಹತ್ತು ಸಾವಿರ ತಲಾಂತು. ಒಂದು ತಲಾಂತಿಗೇ ಸುಮಾರು 6,000 ದಿನದ ಕೂಲಿ. ಎಷ್ಟು ಜನ್ಮ ಹೊಲಿದರೆ ತೀರೀತು?

ಆಮೇಲೆ ಅಳತೆ ಬರೆಯುವ ಪುಸ್ತಕದಲ್ಲಿ ಒಂದು ಪುಟ ಬಿಡಿಸಿಕೊಂಡು ಎಲ್ಲ ಬರೆದೆ: ದುಡ್ಡು, ಆ ಸುಳ್ಳು, ಅಮ್ಮನ ಕಣ್ಣೀರು, ಒಂದು ವರ್ಷ ತಡವಾದ ಮಗಳ ಓದು. ಏನನ್ನೂ ಕಡಿಮೆ ಮಾಡಲಿಲ್ಲ. ಮೊಣಕಾಲೂರಿ ಒಂದೊಂದನ್ನೇ ಓದಿ, "ಕರ್ತನೇ, ಇದನ್ನು ಅವನಿಂದ ಇನ್ನು ಕೇಳುವುದಿಲ್ಲ" ಎಂದು ಗೀಟು ಎಳೆದೆ. ಕೊನೆಯದರ ಮೇಲೆ ಗೀಟು ಬೀಳಲು ಇನ್ನೂ ಎರಡು ವಾರ ಬೇಕಾಯಿತು.

ಅಣ್ಣ ಕ್ಷಮೆ ಕೇಳಿಲ್ಲ, ಇವತ್ತಿಗೂ. ಅವನು ಬಂದು ಒಪ್ಪಿಕೊಳ್ಳಲಿ ಎಂದು ಕಾಯುತ್ತಿದ್ದವಳಿಗೆ ಮಾರ್ಕ 11:25 ದಾರಿ ತೋರಿಸಿತು. ಪ್ರಾರ್ಥನೆಗೆ ನಿಂತಾಗ ಯಾರ ಮೇಲಾದರೂ ಏನಾದರೂ ಇದ್ದರೆ ಕ್ಷಮಿಸಿರಿ ಎನ್ನುತ್ತದೆ ಅದು. ಆ ಇನ್ನೊಬ್ಬ ಅಲ್ಲಿ ಇರಲೇಬೇಕೆಂದಿಲ್ಲ. ಹಾಗೆಂದು ನಾನು ಅವನಿಗೆ ಮತ್ತೆ ಸಾಲ ಕೊಡುವುದಿಲ್ಲ. ನಂಬಿಕೆ ಅವನು ಗಳಿಸಬೇಕಾದದ್ದು. ಗಂಡನಿಂದ ಹೊಡೆತ ತಿನ್ನುತ್ತಿದ್ದ ಒಬ್ಬ ಸಹೋದರಿಗೂ ಇದನ್ನೇ ಹೇಳಿದೆ: ಕ್ಷಮಿಸು, ಆದರೆ ಆ ಮನೆಯಲ್ಲೇ ಇರಬೇಕೆಂದು ದೇವರು ಹೇಳಿಲ್ಲ, ಮೊದಲು ಪೊಲೀಸರ ಹತ್ತಿರ ಹೋಗು.

ಎಷ್ಟು ಸಾರಿ ಕ್ಷಮಿಸಬೇಕು ಎಂದು ಪೇತ್ರ ಕೇಳಿದಾಗ ಯೇಸು ಹೇಳಿದ ಏಳೆಪ್ಪತ್ತು ಸಾರಿ ಎಂಬುದು ಬೇರೆ ಬೇರೆ ತಪ್ಪುಗಳ ಲೆಕ್ಕ ಅಂದುಕೊಂಡಿದ್ದೆ. ನನಗಂತೂ ಒಂದೇ ತಪ್ಪಿಗೇ ಅಷ್ಟೂ ಬೇಕಾಗಿದೆ. ಕಳೆದ ತಿಂಗಳು ಅಮ್ಮನಿಗೆ ಫೋನ್ ಮಾಡಿದಾಗ ಅವನೇ ಎತ್ತಿದ. "ಹಲೋ" ಅಂದದ್ದೇ ತಡ, ಎದೆ ಬಿಗಿಯಿತು. ಕತ್ತರಿ ಕೆಳಗಿಟ್ಟು, ಮನಸ್ಸಿನಲ್ಲೇ ಮತ್ತೊಮ್ಮೆ ಆ ಗೀಟು ಎಳೆದು, "ಚೆನ್ನಾಗಿದ್ದೀಯೇನಣ್ಣಾ?" ಎಂದು ಕೇಳಿದೆ.